ಅನ್ಯಜನರು ಯಾರು, ಸಮಾರ್ಯದವರು ಯಾರು?

ಓದುಗರ ಪ್ರಶ್ನೆ

ಪ್ರಶ್ನೆ: ನೆರೆಮನೆಯ ಕ್ರೈಸ್ತ ಕುಟುಂಬದವರು ಕೊಟ್ಟ ಕನ್ನಡ ಸತ್ಯವೇದವನ್ನು ಕೆಲವು ತಿಂಗಳಿನಿಂದ ಓದುತ್ತಿದ್ದೇನೆ. ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತಮ್ಮ ಹನ್ನೆರಡು ಮಂದಿ ಶಿಷ್ಯರನ್ನು ಕಳುಹಿಸುವಾಗ, ಅನ್ಯಜನರ ಕಡೆಗೆ ಹೋಗಬೇಡಿ, ಸಮಾರ್ಯದವರ ಊರುಗಳಿಗೂ ಹೋಗಬೇಡಿ ಎಂದು ಹೇಳುತ್ತಾರೆ. ಯೆಹೂದ್ಯರ ಪಾಲಿಗೆ ಇಬ್ಬರೂ ಹೊರಗಿನವರೇ ಆಗಿದ್ದರೆ ಎರಡು ಹೆಸರುಗಳು ಏಕೆ ಬೇಕಾದವು? ಇವು ಮತದ ಹೆಸರುಗಳೋ, ಜನಾಂಗದ ಹೆಸರುಗಳೋ?
– ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಗುರುತಿಸಿರುವ ವಾಕ್ಯದಲ್ಲಿಯೇ ಉತ್ತರದ ಎಳೆಯಿದೆ. ಅದರ ಮುಂದಿನ ವಾಕ್ಯವನ್ನೂ ಸೇರಿಸಿ ಓದಿದರೆ, ಇಸ್ರಾಯೇಲಿನ ಮನೆತನದವರು, ಸಮಾರ್ಯದವರು, ಅನ್ಯಜನರು ಎಂದು ಮೂರು ಗುಂಪುಗಳು ಕಾಣುತ್ತವೆ. ಒಂದನೆಯ ಶತಮಾನದ ಯೆಹೂದ್ಯನೊಬ್ಬನು ತನ್ನ ಸುತ್ತಲಿನ ಲೋಕವನ್ನು ಈ ಮೂರು ಭಾಗಗಳಾಗಿಯೇ ನೋಡುತ್ತಿದ್ದನು. ನಮ್ಮ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಪರಊರಿನವನಿಗೂ ದಾಯಾದಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಪರಊರಿನವನೊಂದಿಗೆ ನಮಗೆ ಬದುವಿನ ವ್ಯಾಜ್ಯವಿಲ್ಲ, ಅವನ ಮನೆಯ ಸೂತಕವೂ ನಮಗಿಲ್ಲ. ದಾಯಾದಿಯೊಂದಿಗೆ ಎರಡು ತಲೆಮಾರಿನಿಂದ ಮಾತು ನಿಂತಿರಬಹುದು, ಒಬ್ಬರ ಹೊಸಿಲನ್ನು ಇನ್ನೊಬ್ಬರು ತುಳಿಯದೇ ಇರಬಹುದು. ಆದರೂ ಆ ಮನೆಯಲ್ಲಿ ಸಾವಾದರೆ ಈ ಮನೆಯವರು ಸೂತಕ ಹಿಡಿಯಬೇಕಾಗುತ್ತದೆ. ಯೆಹೂದ್ಯರಿಗೆ ಅನ್ಯಜನರು ಪರಊರಿನವರಾಗಿದ್ದರು, ಸಮಾರ್ಯದವರು ದಾಯಾದಿಗಳಾಗಿದ್ದರು.

ಮೊದಲು ‘ಅನ್ಯಜನ’ ಎಂಬ ಪದವನ್ನು ನೋಡೋಣ. ಹೀಬ್ರೂ ಭಾಷೆಯ ‘ಗೋಯ್’ ಎಂಬ ಪದಕ್ಕೆ ಮೂಲದಲ್ಲಿ ಜನಾಂಗ ಎಂದಷ್ಟೇ ಅರ್ಥ. ಅಬ್ರಹಾಮನಿಗೆ ದೇವರು, ನಿನ್ನನ್ನು ಮಹಾಜನಾಂಗವನ್ನಾಗಿ ಮಾಡುವೆನು ಎಂದು ಮಾತು ಕೊಡುವ ಆದಿಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಇಸ್ರಾಯೇಲಿಗೂ ಇದೇ ಪದವನ್ನು ಬಳಸಲಾಗಿದೆ. ಬರಬರುತ್ತ ಇದರ ಬಹುವಚನವಾದ ‘ಗೋಯಿಮ್’ ಎಂಬುದು ಇಸ್ರಾಯೇಲನ್ನು ಬಿಟ್ಟು ಉಳಿದ ಜನಾಂಗಗಳು ಎಂಬ ಅರ್ಥಕ್ಕೆ ವಾಲಿತು. ಹೀಬ್ರೂ ಗ್ರಂಥಗಳನ್ನು ಗ್ರೀಕ್ ಭಾಷೆಗೆ ತಂದವರು ಇದಕ್ಕೆ ‘ಎಥ್ನೆ’ ಎಂಬ ಪದವನ್ನು ಆರಿಸಿಕೊಂಡರು. ಲ್ಯಾಟಿನ್‌ನಲ್ಲಿ ಅದು ‘ಗೆಂಟೆಸ್’ ಆಯಿತು. ಅಲ್ಲಿಂದ ಇಂಗ್ಲಿಷಿನ ‘ಜೆಂಟೈಲ್’ ಬಂದಿತು. ಕನ್ನಡದ ಅನುವಾದಕರು ‘ಅನ್ಯಜನರು’ ಎಂದು ಇಟ್ಟಿರುವುದು ಬಹಳ ಒಪ್ಪುವ ಆಯ್ಕೆಯೆಂದು ನನಗೆ ತೋರುತ್ತದೆ, ಏಕೆಂದರೆ ಅನ್ಯರು ಎನ್ನುವುದು ಯಾರಿಗೆ ಅನ್ಯರು ಎಂಬ ಪ್ರಶ್ನೆಯನ್ನು ತನ್ನೊಳಗೇ ಇಟ್ಟುಕೊಂಡಿರುವ ಪದ. ಗ್ರೀಕರು, ರೋಮನ್ನರು, ಐಗುಪ್ತದವರು, ಸಿರಿಯದವರು ಎಲ್ಲರೂ ಅನ್ಯಜನರೇ. ಆದರೆ ಅವರಲ್ಲಿ ಒಬ್ಬನೂ ತನ್ನನ್ನು ತಾನು ಅನ್ಯಜನ ಎಂದು ಕರೆದುಕೊಳ್ಳುತ್ತಿರಲಿಲ್ಲ. ಅವರಿಗೆಲ್ಲ ಒಂದೇ ದೇವರಿರಲಿಲ್ಲ, ಒಂದೇ ಗ್ರಂಥವಿರಲಿಲ್ಲ, ಒಂದೇ ರಕ್ತವೂ ಇರಲಿಲ್ಲ. ಯೆಹೂದ್ಯರು ನಿಂತ ಜಾಗದಿಂದ ನೋಡಿದಾಗ ಮಾತ್ರ ಅವರೆಲ್ಲ ಒಂದು ಗುಂಪಾಗಿ ಕಾಣುತ್ತಿದ್ದರು.

ಸಮಾರ್ಯದವರ ಸಂಗತಿ ಹೀಗಿಲ್ಲ. ಅವರಿಗೆ ಒಂದು ಗ್ರಂಥವಿದೆ, ಒಂದು ಬೆಟ್ಟವಿದೆ, ವಂಶಪಾರಂಪರ್ಯವಾಗಿ ಬಂದ ಯಾಜಕರಿದ್ದಾರೆ, ಯಾಕೋಬನ ಮಕ್ಕಳು ನಾವು ಎಂಬ ಗಟ್ಟಿ ನಂಬಿಕೆಯಿದೆ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಬಾವಿಯ ಬಳಿ ಯೇಸುವಿನೊಂದಿಗೆ ಮಾತನಾಡುವ ಸಮಾರ್ಯದ ಹೆಂಗಸು ಯಾಕೋಬನನ್ನು ನಮ್ಮ ಪಿತೃ ಎಂದು ಯಾವ ಅಳುಕೂ ಇಲ್ಲದೆ ಕರೆಯುತ್ತಾಳೆ. ನಮ್ಮ ಹಿರಿಯರು ಈ ಬೆಟ್ಟದಲ್ಲಿ ಆರಾಧಿಸಿದರು, ನೀವು ಯೆರೂಸಲೇಮೇ ಸ್ಥಳವೆನ್ನುತ್ತೀರಿ ಎಂದು ಅವಳು ಎತ್ತುವ ಮಾತಿನಲ್ಲಿ ಎರಡು ಜನಗಳ ನಡುವಿನ ವ್ಯಾಜ್ಯದ ತಿರುಳೆಲ್ಲ ಅಡಗಿದೆ. ಅವಳು ಹೇಳುವ ಬೆಟ್ಟ ಗೆರಿಜ್ಜೀಮ್. ಮೈಸೂರಿನ ಬೀದಿಗಳಲ್ಲಿ ನಡೆಯುವವನಿಗೆ ಚಾಮುಂಡಿ ಬೆಟ್ಟ ಕಣ್ಣಿಗೆ ಬೀಳುವ ಹಾಗೆ, ಪ್ರಾಚೀನ ಶೆಕೆಮ್ ಪಟ್ಟಣದ ಮೇಲೆ, ಇಂದಿನ ನಾಬ್ಲಸ್ ನಗರದ ಮೇಲೆ ಅದು ಎದ್ದು ನಿಂತಿದೆ. ಆಶೀರ್ವಾದವನ್ನು ಗೆರಿಜ್ಜೀಮಿನ ಮೇಲೂ ಶಾಪವನ್ನು ಎದುರಿನ ಏಬಾಲ್ ಬೆಟ್ಟದ ಮೇಲೂ ಸಾರಬೇಕೆಂದು ಧರ್ಮೋಪದೇಶಕಾಂಡದಲ್ಲಿ ಹೇಳಿರುವುದನ್ನು ಯೆಹೂದ್ಯರೂ ಒಪ್ಪುತ್ತಾರೆ. ಆದರೆ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಬಲಿಪೀಠದ ಕಲ್ಲುಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ಕಡೆ ಯೆಹೂದ್ಯರ ಪ್ರತಿಯಲ್ಲಿ ಏಬಾಲ್ ಎಂದಿದ್ದರೆ ಸಮಾರ್ಯದವರ ಪ್ರತಿಯಲ್ಲಿ ಗೆರಿಜ್ಜೀಮ್ ಎಂದಿದೆ. ಮೋಶೆಯ ಐದು ಗ್ರಂಥಗಳನ್ನು ಮಾತ್ರ ಶಾಸ್ತ್ರವೆಂದು ಒಪ್ಪುವ ಸಮಾರ್ಯದವರ ಪ್ರತಿಗೂ ಯೆಹೂದ್ಯರ ಪ್ರತಿಗೂ ಸುಮಾರು 6,000 ವ್ಯತ್ಯಾಸಗಳಿವೆ. ಬಹುಪಾಲು ಬರಿಯ ಕಾಗುಣಿತದ ವ್ಯತ್ಯಾಸಗಳಾದರೂ, ಈ ಒಂದು ಹೆಸರಿನ ವ್ಯತ್ಯಾಸ ಎರಡು ಮನೆಗಳನ್ನು ಎರಡಾಗಿಯೇ ಉಳಿಸಿತು.

ಅವರ ಹುಟ್ಟಿನ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಒಂದೇ ಕಡೆಯವರ ಮಾತನ್ನು ಕೇಳಿ ತೀರ್ಪು ಕೊಟ್ಟುಬಿಡುತ್ತೇವೆ ಎಂಬುದು ನನ್ನ ಬಹುಕಾಲದ ಬೇಸರ. ಅರಸುಗಳ ಎರಡನೆಯ ಗ್ರಂಥದ ಹದಿನೇಳನೆಯ ಅಧ್ಯಾಯದ ಪ್ರಕಾರ, ಅಶ್ಶೂರದ ಅರಸನು ಉತ್ತರದ ಇಸ್ರಾಯೇಲ್ ರಾಜ್ಯವನ್ನು ಗೆದ್ದು ಅಲ್ಲಿಯ ಜನರನ್ನು ಸೆರೆಯೊಯ್ದು, ಬಾಬೆಲ್, ಕೂತ, ಹಮಾತ್ ಮೊದಲಾದ ಊರುಗಳಿಂದ ಬೇರೆಯವರನ್ನು ತಂದು ನೆಲೆಗೊಳಿಸಿದನು. ಬಂದವರ ಮೇಲೆ ಸಿಂಹಗಳು ಬಿದ್ದಾಗ, ಆ ನೆಲದ ದೇವರ ಪದ್ಧತಿಯನ್ನು ಕಲಿಸಲು ಯಾಜಕನೊಬ್ಬನನ್ನು ಹಿಂದಕ್ಕೆ ಕಳುಹಿಸಲಾಯಿತು. ಅವರು ಯೆಹೋವನನ್ನೂ ಪೂಜಿಸಿದರು, ತಮ್ಮ ತಮ್ಮ ದೇವತೆಗಳನ್ನೂ ಬಿಡಲಿಲ್ಲ. ಈ ಕಥೆಯನ್ನು ಆಧಾರವಾಗಿಟ್ಟುಕೊಂಡು ನಂತರದ ಯೆಹೂದ್ಯ ಪಂಡಿತರು ಸಮಾರ್ಯದವರನ್ನು ‘ಕೂತಿಮ್’, ಅಂದರೆ ಕೂತ ಊರಿನವರು ಎಂದು ಕರೆದರು, ಸಿಂಹಗಳಿಗೆ ಹೆದರಿ ಮತಕ್ಕೆ ಸೇರಿದವರು ಎಂದೂ ಹೀಯಾಳಿಸಿದರು. ಸಮಾರ್ಯದವರು ಹೇಳುವ ಕಥೆಯೇ ಬೇರೆ. ಅವರ ಪ್ರಕಾರ ಒಡಕು ಅಶ್ಶೂರದ ದಂಡಯಾತ್ರೆಗಿಂತ ಬಹಳ ಹಿಂದಿನದು. ಏಲಿ ಎಂಬ ಯಾಜಕನು ಗೆರಿಜ್ಜೀಮನ್ನು ತೊರೆದು ಶೀಲೋವಿನಲ್ಲಿ ಎದುರು ಗುಡಿಯನ್ನು ಕಟ್ಟಿಕೊಂಡ ದಿನವೇ ಮನೆ ಒಡೆಯಿತು, ಬಿಟ್ಟುಹೋದವರು ಅವರು, ಉಳಿದವರು ನಾವು. ತಮ್ಮ ಹೆಸರಿಗೂ ಅವರು ಬೇರೆ ಅರ್ಥ ಕೊಡುತ್ತಾರೆ. ಒಮ್ರಿ ಎಂಬ ಅರಸನು ಶೆಮೆರ್ ಎಂಬವನಿಂದ ಎರಡು ತಲಾಂತು ಬೆಳ್ಳಿಗೆ ಗುಡ್ಡವೊಂದನ್ನು ಕೊಂಡು ಪಟ್ಟಣ ಕಟ್ಟಿ ಅದಕ್ಕೆ ಸಮಾರ್ಯ ಎಂಬ ಹೆಸರಿಟ್ಟನೆಂದು ಅರಸುಗಳ ಗ್ರಂಥ ಹೇಳಿದರೆ, ತಮ್ಮ ಹೆಸರು ಪಟ್ಟಣದಿಂದ ಬಂದುದಲ್ಲ, ‘ಶಾಮೆರಿಮ್’ ಎಂಬುದರಿಂದ, ಅಂದರೆ ಧರ್ಮಶಾಸ್ತ್ರವನ್ನು ಕಾಪಾಡಿಕೊಂಡವರು ಎಂಬ ಮಾತಿನಿಂದ ಬಂದುದು ಎನ್ನುತ್ತಾರೆ.

ಇತಿಹಾಸದ ಕಣ್ಣಿನಿಂದ ನೋಡಿದರೆ ಎರಡೂ ಕಥೆಗಳಲ್ಲಿ ಒಂದೊಂದು ಪಕ್ಷದ ನೋವು ಬೆರೆತಿದೆ. ಸಮಾರ್ಯ ಪಟ್ಟಣ ಕ್ರಿ.ಪೂ. 722ರ ಸುಮಾರಿಗೆ ಬಿದ್ದುದು ನಿಜ. ಸುಮಾರು 27 ಸಾವಿರ ಜನರನ್ನು ಒಯ್ದೆನೆಂದು ಅಶ್ಶೂರದ ಅರಸ ಸರ್ಗೋನನ ಶಾಸನಗಳು ಹೇಳುತ್ತವೆ; ಒಂದು ರಾಜ್ಯದ ಎಲ್ಲ ಹಳ್ಳಿಗಳೂ ಖಾಲಿಯಾಗುವಷ್ಟು ದೊಡ್ಡ ಸಂಖ್ಯೆ ಅದಲ್ಲ, ಆದ್ದರಿಂದ ನೆಲವನ್ನು ಬಿಡದೆ ಉಳಿದ ಇಸ್ರಾಯೇಲ್ಯರು ಸಾಕಷ್ಟು ಮಂದಿ ಇದ್ದಿರಲೇಬೇಕು. ಗೆರಿಜ್ಜೀಮ್ ಬೆಟ್ಟದ ಮೇಲೆ ಕ್ರಿ.ಪೂ. 5ನೆಯ ಶತಮಾನದಿಂದ ಆರಾಧನಾಸ್ಥಳವಿತ್ತೆಂದು ಉತ್ಖನನಗಳು ತೋರಿಸಿವೆ. ಯೆಹೂದ್ಯರ ಆಳುವ ನಾಯಕನೂ ಮಹಾಯಾಜಕನೂ ಆಗಿದ್ದ ಯೋಹಾನ ಹಿರ್ಕಾನಸ್ ಕ್ರಿ.ಪೂ. 110ರ ಸುಮಾರಿಗೆ ಅದನ್ನು ನೆಲಸಮ ಮಾಡಿದನು. ಸುವಾರ್ತೆಗಳಲ್ಲಿ ನಾವು ಕಾಣುವ ಕಹಿಗೆ ಕೂತ ಊರಿನ ಕಥೆಗಿಂತ ಈ ಘಟನೆಯೇ ಹತ್ತಿರದ ಕಾರಣವೆಂದು ನಾನು ನಂಬುತ್ತೇನೆ. ಪೂಜೆಯ ಸ್ಥಳವನ್ನು ಕೆಡವಿದವನು ಪರಕೀಯ ಅರಸನಾಗಿದ್ದರೆ ಜನರು ಅದನ್ನು ದಂಡಯಾತ್ರೆಯೆಂದು ನೆನೆಯುತ್ತಿದ್ದರು. ಅದೇ ಮೋಶೆಯ ಹೆಸರಿನಲ್ಲಿ ದಾಯಾದಿಯೇ ಬಂದು ಕೆಡವಿದ್ದು ಎದೆಯಲ್ಲಿ ಬೇರೆ ಬಗೆಯಾಗಿಯೇ ಉಳಿಯಿತು.

ಇನ್ನು ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ಇವೆರಡು ಗುಂಪುಗಳ ನಡುವಿನ ವ್ಯತ್ಯಾಸ ನಿತ್ಯಜೀವನದಲ್ಲಿ ಹೇಗಿತ್ತೆಂಬುದನ್ನು ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹವಾದ ಯೆಹೂದ್ಯರ ಮಿಷ್ನಾ ಎಂಬ ಧರ್ಮಸಂಹಿತೆ ಸೊಗಸಾಗಿ ತೋರಿಸುತ್ತದೆ. ಮೂವರು ಒಟ್ಟಿಗೆ ಉಂಡರೆ ಊಟದ ನಂತರದ ಕೃತಜ್ಞತಾಸ್ತುತಿಗೆ ಒಬ್ಬರು ಇನ್ನಿಬ್ಬರನ್ನು ವಿಧಿಪೂರ್ವಕವಾಗಿ ಕರೆಯಬೇಕು. ಆ ಮೂವರ ಎಣಿಕೆಯಲ್ಲಿ ಸಮಾರ್ಯದವನನ್ನು ಸೇರಿಸಿಕೊಳ್ಳಬಹುದು, ಅನ್ಯಜನಾಂಗದವನನ್ನು ಸೇರಿಸುವಂತಿಲ್ಲ. ಆದರೆ ದೇವಾಲಯದ ಅರ್ಧ ಶೆಕೆಲ್ ಕಾಣಿಕೆಯನ್ನು ಇಬ್ಬರಿಂದಲೂ ಸ್ವೀಕರಿಸಕೂಡದೆಂದು ಅದೇ ಸಂಹಿತೆ ಇನ್ನೊಂದೆಡೆ ವಿಧಿಸುತ್ತದೆ. ಪಂಕ್ತಿಯಲ್ಲಿ ಲೆಕ್ಕಕ್ಕೆ ಬರುವವನು ಗುಡಿಯ ಹುಂಡಿಯ ಬಳಿ ಲೆಕ್ಕಕ್ಕೆ ಬರುವುದಿಲ್ಲ. ಸಮಾರ್ಯದವರು ಯಾವ ಆಜ್ಞೆಯನ್ನು ಕೈಗೊಂಡಿದ್ದಾರೋ ಅದನ್ನು ಯೆಹೂದ್ಯರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಾರೆಂದು ಶಿಮೋನ್ ಬೆನ್ ಗಮಲಿಯೇಲ್ ಎಂಬ ದೊಡ್ಡ ಪಂಡಿತರೇ ಹೇಳಿದ್ದಾರೆ. ಅವರನ್ನು ಯಾವಾಗ ನಮ್ಮೊಳಗೆ ಸೇರಿಸಿಕೊಳ್ಳಬಹುದು ಎಂಬ ಪ್ರಶ್ನೆಗೆ ಸಮಾರ್ಯದವರನ್ನು ಕುರಿತೇ ಯೆಹೂದ್ಯ ಪಂಡಿತರು ಬರೆದ ಒಂದು ಕಿರುಗ್ರಂಥದ ಉತ್ತರವೂ ಇದೆ: ಗೆರಿಜ್ಜೀಮನ್ನು ಬಿಟ್ಟು, ಯೆರೂಸಲೇಮನ್ನೂ ಸತ್ತವರ ಪುನರುತ್ಥಾನವನ್ನೂ ಒಪ್ಪಿದ ದಿನ. ವಿಗ್ರಹಗಳನ್ನು ಬಿಡಬೇಕೆಂಬ ಷರತ್ತು ಅದರಲ್ಲಿ ಇಲ್ಲದಿರುವುದನ್ನು ಗಮನಿಸಿ. ಇದೆಲ್ಲ ಇದ್ದರೂ ಕಾಲಾನಂತರದಲ್ಲಿ, ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ಟಾಲ್ಮುಡ್‌ನ ಪಂಡಿತರು ಅವರನ್ನು ಸಂಪೂರ್ಣವಾಗಿ ಅನ್ಯಜನರ ಸಾಲಿಗೆ ತಳ್ಳಿದರು.

ಹೊಸ ಒಡಂಬಡಿಕೆಯಲ್ಲಿ ಈ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಪೊಸ್ತಲರ ಕೃತ್ಯಗಳಲ್ಲಿ. ಎಂಟನೆಯ ಅಧ್ಯಾಯದಲ್ಲಿ ಫಿಲಿಪ್ಪನು ಸಮಾರ್ಯಕ್ಕೆ ಹೋಗಿ ಬೋಧಿಸುತ್ತಾನೆ, ಜನರು ದೀಕ್ಷಾಸ್ನಾನ ಪಡೆಯುತ್ತಾರೆ, ಪೇತ್ರ ಯೋಹಾನರು ಬಂದು ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಯೆರೂಸಲೇಮಿನಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಹತ್ತನೆಯ ಅಧ್ಯಾಯದಲ್ಲಿ ಪೇತ್ರನು ಕೈಸರೈಯದಲ್ಲಿದ್ದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಹೋಗುತ್ತಾನೆ. ಕೊರ್ನೇಲ್ಯನು ದೇವಭಯವುಳ್ಳವನು, ದಾನಧರ್ಮ ಮಾಡುವವನು, ಆದರೆ ಅನ್ಯಜನಾಂಗದವನು; ಪೇತ್ರನು ಹಿಂತಿರುಗಿದಾಗ, ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರೊಂದಿಗೆ ಉಂಡೆಯಲ್ಲಾ ಎಂಬ ಆರೋಪವನ್ನು ಎದುರಿಸಬೇಕಾಗುತ್ತದೆ. ಆ ವಾದ ಬೆಳೆದು ಹದಿನೈದನೆಯ ಅಧ್ಯಾಯದ ದೊಡ್ಡ ಸಭೆಯವರೆಗೂ ಹೋಯಿತು. ಸಮಾರ್ಯದ ಗಂಡಸರಿಗೆ ಎಂಟನೆಯ ದಿನವೇ ಸುನ್ನತಿಯಾಗಿರುತ್ತಿತ್ತು, ಸಬ್ಬತ್ತನ್ನು ಅವರೂ ಆಚರಿಸುತ್ತಿದ್ದರು; ಆದಕಾರಣ ಅವರ ವಿಷಯದಲ್ಲಿ ಈ ಪ್ರಶ್ನೆಯೇ ಹುಟ್ಟಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಸಮಾರ್ಯ ಸೀಮೆಯಲ್ಲಿ ವಾಸವಾಗಿದ್ದವರೆಲ್ಲ ಸಮಾರ್ಯ ಮತದವರಾಗಿರಲಿಲ್ಲ. ಸಮಾರ್ಯ ಮೊದಲು ಒಂದು ಪಟ್ಟಣದ ಹೆಸರು, ಆಮೇಲೆ ಒಂದು ಸೀಮೆಯ ಹೆಸರು. ನಮ್ಮಲ್ಲಿಯೂ ಒಂದು ಊರಿನ ಹೆಸರಾದ ಮೈಸೂರು ಸಂಸ್ಥಾನದ ಹೆಸರಾಗಿ, 1973ರವರೆಗೆ ಇಡೀ ರಾಜ್ಯದ ಹೆಸರಾಗಿ ಹಬ್ಬಿತ್ತು, 1939ಕ್ಕೆ ಮುಂಚೆ ಮಂಡ್ಯದವರೂ ಮೈಸೂರು ಜಿಲ್ಲೆಯವರೇ ಆಗಿದ್ದರು. ಸಮಾರ್ಯ ಪಟ್ಟಣದಲ್ಲಿ ಅಲೆಕ್ಸಾಂಡರನ ಕಾಲದಿಂದ ಮಕೆದೋನ್ಯದವರು ನೆಲೆಸಿದ್ದರು. ಹೆರೋದನು ಅದನ್ನು ಚಕ್ರವರ್ತಿ ಔಗುಸ್ತನ ಗೌರವಾರ್ಥವಾಗಿ ಸೆಬಾಸ್ತೆ ಎಂಬ ಹೊಸ ಹೆಸರಿನಲ್ಲಿ ಮತ್ತೆ ಕಟ್ಟಿಸಿ ಅಲ್ಲಿ ಚಕ್ರವರ್ತಿಗೇ ಗುಡಿಯನ್ನು ಎತ್ತಿಸಿದ್ದನು. ಹೀಗಾಗಿ ಆ ಸೀಮೆಯ ಮುಖ್ಯ ಪಟ್ಟಣದಲ್ಲಿ ಅನ್ಯಜನರು ತುಂಬಿದ್ದರು, ಸಮಾರ್ಯದವರ ಬಾಳು ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿತ್ತು. ಮತವೋ ಜನಾಂಗವೋ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿದು: ಸಮಾರ್ಯದವರು ಎಂಬ ಹೆಸರಿನಲ್ಲಿ ನೆಲ, ವಂಶ, ಮತ ಮೂರೂ ಹೆಣೆದುಕೊಂಡಿವೆ, ಅನ್ಯಜನರು ಎಂಬ ಹೆಸರಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ, ಇಸ್ರಾಯೇಲಿಗೆ ಸೇರದಿರುವಿಕೆ ಮಾತ್ರ ಇದೆ.

ಪ್ರಶ್ನೆ: ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾಗುವವರನ್ನು ಕಾನೂನಿನಲ್ಲಿಯೂ ‘ಗುಡ್ ಸಮಾರಿಟನ್’ ಎನ್ನುತ್ತಾರೆ. ಹಾಗಾದರೆ ಸಮಾರಿಟನ್ ಎಂದರೆ ಪರೋಪಕಾರಿ ಎಂದೇ ಅರ್ಥವೇ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವ ನಮಗೆಲ್ಲ ತಿಳಿದಿರಬೇಕಾದ ಕಾನೂನು ಅದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಮೂಲಕ 134ಎ ಕಲಮು ಸೇರಿ, ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ದೊರೆತಿದೆ. ಹೆಸರು ಬಂದಿರುವುದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಾಮತಿಯಿಂದ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನೊಬ್ಬನು ನೋಡಿ ಆಚೆ ಹೋಗುತ್ತಾನೆ, ದೇವಾಲಯದ ಸೇವೆಗೆ ಮೀಸಲಾದ ಕುಲದ ಲೇವಿಯನೊಬ್ಬನೂ ಹಾಗೆಯೇ ಹೋಗುತ್ತಾನೆ. ಮೂರನೆಯವನಾಗಿ ಬಂದ ಸಮಾರ್ಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ತನ್ನ ವಾಹನದ ಪಶುವಿನ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಕರೆದೊಯ್ದು, ಆರೈಕೆಗಾಗಿ ಎರಡು ಬೆಳ್ಳಿ ನಾಣ್ಯಗಳನ್ನು ಕೊಡುತ್ತಾನೆ.

ಈ ಕಥೆಯನ್ನು ಮೊದಲು ಕೇಳಿದವರ ಕಿವಿಯಲ್ಲಿ ‘ಒಳ್ಳೆಯ ಸಮಾರ್ಯದವನು’ ಎಂಬ ಮಾತು ಒಂದಕ್ಕೊಂದು ಹೊಂದದ ಜೋಡಿಯಾಗಿತ್ತು. ಯೋಹಾನನ ಸುವಾರ್ತೆಯಲ್ಲಿ ಯೇಸುವನ್ನು ಬೈಯಬೇಕೆಂದಿದ್ದವರು, ನೀನು ಸಮಾರ್ಯದವನು, ನಿನಗೆ ದೆವ್ವ ಹಿಡಿದಿದೆ ಎನ್ನುತ್ತಾರೆ. ಪುಣ್ಯಕಥೆಗಳಲ್ಲಿ ಮೂರನೆಯವನಾಗಿ ಯಾಜಕರಲ್ಲದ ಸಾಮಾನ್ಯ ಯೆಹೂದ್ಯನೊಬ್ಬನು ಬರುವನೆಂದು ಕೇಳುಗರು ಕಾದಿರಬೇಕು. ಆ ಜಾಗದಲ್ಲಿ ಯೇಸು ರೋಮನ್ ಸೈನಿಕನನ್ನೋ ಗ್ರೀಕ್ ವರ್ತಕನನ್ನೋ ನಿಲ್ಲಿಸಿದ್ದರೆ, ಶಾಸ್ತ್ರ ತಿಳಿಯದ ಪರಕೀಯನಲ್ಲಿಯೂ ಕರುಣೆಯಿದೆ ಎಂಬ ಬೇರೆಯೇ ಕಥೆಯಾಗುತ್ತಿತ್ತು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ; ಆ ಗ್ರಂಥ ಯಾಜಕನಿಗೂ ಲೇವಿಯನಿಗೂ ಶಾಸ್ತ್ರವಾಗಿದ್ದಂತೆಯೇ ಸಮಾರ್ಯದವನಿಗೂ ಶಾಸ್ತ್ರವಾಗಿತ್ತು. ಒಂದೇ ಶಾಸ್ತ್ರವನ್ನು ಓದಿಕೊಂಡ ಮೂವರಲ್ಲಿ ಅದನ್ನು ನಡೆಸಿದವನು, ಯಾರ ಪ್ರತಿಯನ್ನು ತಪ್ಪುಪ್ರತಿಯೆಂದು ಕೇಳುಗರು ತಳ್ಳಿಹಾಕಿದ್ದರೋ ಅವನು. ಇಂದು ನಾವು ‘ಸಮಾರಿಟನ್’ ಎಂದರೆ ಸಹಾಯಕ ಎಂದುಕೊಳ್ಳುವುದರಿಂದ ಕಥೆಯ ಈ ಮೊನೆ ಮೊಂಡಾಗಿದೆ, ಜೀವಂತವಾಗಿರುವ ಒಂದು ಜನಾಂಗದ ಹೆಸರು ಬರಿಯ ಗುಣವಾಚಕವಾಗಿ ಕರಗಿಹೋಗಿದೆ. ಕಾನೂನಿನ ಪದವಾಗಿ ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ; ಆ ಹೆಸರಿನ ಹಿಂದೆ ಮನುಷ್ಯರಿದ್ದಾರೆಂಬುದು ಗೊತ್ತಿದ್ದರೆ ಸಾಕು.

ಪ್ರಶ್ನೆ: ಸಮಾರ್ಯದವರು ಈಗಲೂ ಇದ್ದಾರೆಯೇ? ಇದ್ದರೆ ಅವರನ್ನು ಯೆಹೂದ್ಯರೆಂದು ಎಣಿಸುತ್ತಾರೆಯೇ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಇದ್ದಾರೆ; ಒಂದು ಸಾವಿರಕ್ಕೂ ಕಡಿಮೆ ಮಂದಿ. ಅರ್ಧದಷ್ಟು ಜನರು ಗೆರಿಜ್ಜೀಮ್ ಬೆಟ್ಟದ ಮೇಲಿನ ಕಿರ್ಯತ್ ಲೂಜ ಎಂಬ ಹಳ್ಳಿಯಲ್ಲಿಯೂ ಉಳಿದವರು ಟೆಲ್ ಅವೀವ್ ನಗರಕ್ಕೆ ಸೇರಿದಂತಿರುವ ಹೊಲೋನ್‌ನಲ್ಲಿಯೂ ವಾಸಿಸುತ್ತಾರೆ. ಬೈಜಂಟೈನ್ ಚಕ್ರವರ್ತಿಗಳ ಕಾಲದಲ್ಲಿ ಲಕ್ಷಗಟ್ಟಲೆ ಇದ್ದಿರಬಹುದಾದ ಈ ಜನ, 5 ಮತ್ತು 6ನೆಯ ಶತಮಾನಗಳಲ್ಲಿ ಎದ್ದ ದಂಗೆಗಳನ್ನು ಸಾಮ್ರಾಜ್ಯವು ಕ್ರೂರವಾಗಿ ಅಡಗಿಸಿದ ಮೇಲೆ ಕ್ಷೀಣಿಸುತ್ತ ಬಂದು, ಕಳೆದ ಶತಮಾನದ ಆರಂಭದಲ್ಲಿ 150ರ ಆಸುಪಾಸಿಗೆ ಇಳಿದಿದ್ದರು. ಪಸ್ಕಹಬ್ಬದ ಸಂಜೆ ಬಿಳಿಯುಡುಗೆ ಧರಿಸಿ ಬೆಟ್ಟದ ಮೇಲೆ ಸೇರಿ, ವಿಮೋಚನಕಾಂಡದಲ್ಲಿ ಹೇಳಿರುವಂತೆ ಕುರಿಗಳನ್ನು ಬಲಿಕೊಟ್ಟು ಸುಟ್ಟು ಉಣ್ಣುವ ವಿಧಿಯನ್ನು ಅವರು ಇಂದಿಗೂ ಬಿಟ್ಟಿಲ್ಲ; ಯೆರೂಸಲೇಮಿನ ದೇವಾಲಯ ಕ್ರಿ.ಶ. 70ರಲ್ಲಿ ನಾಶವಾದ ಮೇಲೆ ಯೆಹೂದ್ಯರಲ್ಲಿ ಆ ಬಲಿ ನಿಂತುಹೋಯಿತು. ಯೆಹೂದ್ಯರು ಕೈಬಿಟ್ಟ ಪ್ರಾಚೀನ ಹೀಬ್ರೂ ಲಿಪಿಯಿಂದ ಬೆಳೆದ ಅಕ್ಷರಗಳಲ್ಲಿಯೇ ಅವರು ಧರ್ಮಗ್ರಂಥವನ್ನು ಬರೆಯುತ್ತಾರೆ. ಬೆಟ್ಟದ ಮೇಲಿನವರ ಮನೆಮಾತು ಅರಬ್ಬಿ, ಹೊಲೋನಿನವರದು ಹೀಬ್ರೂ.

ಯೆಹೂದ್ಯರೇ ಎಂದು ಕೇಳಿದರೆ ಅವರೇ ಅಲ್ಲವೆನ್ನುತ್ತಾರೆ. ಯೆಹೂದ್ಯರು ಎಂದರೆ ಯೆಹೂದದವರು, ನಾವು ಯೋಸೇಫನ ಮಕ್ಕಳಾದ ಎಫ್ರಾಯೀಮ್, ಮನಸ್ಸೆಯರ ಹಾಗೂ ಲೇವಿಯ ವಂಶದವರು, ಇಸ್ರಾಯೇಲ್ಯರು ಎಂಬುದು ಅವರ ಮಾತು. 2004ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದರಲ್ಲಿ ಅವರ ಗಂಡುಸಾಲಿಗೂ ಯೆಹೂದ್ಯರ ಗಂಡುಸಾಲಿಗೂ ಹತ್ತಿರದ ನಂಟು ಕಂಡುಬಂದಿತು; ಹೆಣ್ಣುಸಾಲಿನಲ್ಲಿ ಆ ನಂಟು ಕಾಣಲಿಲ್ಲ. ಕೂತದಿಂದ ಬಂದ ಪರಕೀಯರು ಎಂಬ ಹಳೆಯ ದೂರಿಗೆ ಇದು ಪೂರ್ಣ ಬೆಂಬಲವನ್ನೂ ಕೊಡುವುದಿಲ್ಲ, ಯಾವ ಬೆರಕೆಯೂ ಇಲ್ಲವೆಂಬ ವಾದಕ್ಕೂ ಒತ್ತಾಸೆಯಾಗುವುದಿಲ್ಲ.

ಪ್ರಶ್ನೆ: ಅನ್ಯಜನ ಅಥವಾ ಜೆಂಟೈಲ್ ಎಂಬುದು ಬೈಗುಳವೇ? ಕನ್ನಡಿಗರಾದ ನಾವೂ ಅದರಲ್ಲಿ ಸೇರುತ್ತೇವೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಯೆಹೂದ್ಯರಲ್ಲದ ನಾವೆಲ್ಲರೂ ಸೇರುತ್ತೇವೆ, ಕನ್ನಡ ಕ್ರೈಸ್ತರೂ ಸೇರುತ್ತಾರೆ. ಬೈಗುಳವಾಗುವುದು ಆಡುವವರ ದನಿಯಿಂದ, ಪದದಿಂದಲ್ಲ. ಅನ್ಯಜನರಿಗೆ ಬಾಗಿಲು ಮುಚ್ಚಿಯೇ ಇತ್ತೆಂದು ತಿಳಿಯಬೇಡಿ. ಮೋವಾಬ್ ದೇಶದ ರೂತಳು ದಾವೀದನ ಮುತ್ತಜ್ಜಿಯಾದಳು, ನೋಹನ ಮಕ್ಕಳಿಗೆ ವಿಧಿಸಿದ ಏಳು ನಿಯಮಗಳನ್ನು ಪಾಲಿಸುವ ಅನ್ಯಜನಾಂಗದವನು ಯೆಹೂದ್ಯನಾಗದೆಯೇ ನೀತಿವಂತನೆನಿಸಿಕೊಳ್ಳಬಹುದೆಂದು ಯೆಹೂದ್ಯ ಪರಂಪರೆ ಹೇಳುತ್ತದೆ. ಯೆರೂಸಲೇಮ್ ದೇವಾಲಯದ ಒಳ ಅಂಗಳವನ್ನು ಮಾತ್ರ ಅವರು ತುಳಿಯುವಂತಿರಲಿಲ್ಲ. ಅನ್ಯವಂಶದವನು ಯಾವನೂ ಈ ಕಟಕಟೆಯನ್ನು ದಾಟಕೂಡದು, ಸಿಕ್ಕಿಬಿದ್ದವನು ತನ್ನ ಸಾವಿಗೆ ತಾನೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೆತ್ತಿದ್ದ ಕಲ್ಲು 1871ರಲ್ಲಿ ದೊರೆತು ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲಿನಲ್ಲಿ ಅನ್ಯವಂಶದವನು ಎಂಬುದಕ್ಕೆ ಬಳಸಿದ ಗ್ರೀಕ್ ಪದವನ್ನೇ ಲೂಕನು ಹದಿನೇಳನೆಯ ಅಧ್ಯಾಯದಲ್ಲಿ, ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಕೃತಜ್ಞತೆ ಹೇಳಲು ಹಿಂತಿರುಗಿದ ಒಬ್ಬನೇ ಒಬ್ಬ ಸಮಾರ್ಯದವನಿಗೆ ಬಳಸುತ್ತಾನೆ. ದಾಯಾದಿಯನ್ನು ಪರಕೀಯನೆಂದು ಕರೆಯುವ ರೂಢಿ ಆಗಲೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಪೂರ್ವಿಕರನ್ನೂ ಈ ಪದ ತಲುಪಿದೆ. ಭಾರತಕ್ಕೆ ಬಂದ ಪೋರ್ಚುಗೀಸರು ಇಲ್ಲಿಯ ಹಿಂದೂಗಳನ್ನು ತಮ್ಮ ಭಾಷೆಯಲ್ಲಿ ‘ಜೆಂಟಿಯೊ’, ಅಂದರೆ ಜೆಂಟೈಲ್ ಎಂದರು. ಅದನ್ನೇ ಇಂಗ್ಲಿಷರು ‘ಜೆಂಟೂ’ ಎಂದು ಉಚ್ಚರಿಸಿದರು, 1776ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಹಿಂದೂ ಧರ್ಮಶಾಸ್ತ್ರಗಳ ಸಂಗ್ರಹಕ್ಕೆ ಜೆಂಟೂ ಕಾನೂನುಗಳೆಂದೇ ಹೆಸರಿಟ್ಟರು, ಮದರಾಸಿನ ಕಡೆ ತೆಲುಗು ಭಾಷೆಗೂ ಅದೇ ಹೆಸರು ಅಂಟಿತ್ತು. ಆ ಹೊತ್ತಿಗೆ ಯೆಹೂದ್ಯರಲ್ಲದವರು ಎಂಬ ಮೂಲಾರ್ಥ ಹಿಂದೆ ಸರಿದು ಕ್ರೈಸ್ತರಲ್ಲದವರು, ವಿಗ್ರಹಾರಾಧಕರು ಎಂಬ ಅರ್ಥ ಮುಂದೆ ಬಂದಿತ್ತು. ಆದ್ದರಿಂದ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲನ ಪತ್ರಗಳನ್ನು ಓದುವಾಗ ಅನ್ಯಜನರು ಎಂದು ಬಂದ ಕಡೆಯೆಲ್ಲ ಯೆಹೂದ್ಯರಲ್ಲದವರು ಎಂದು ಓದಿಕೊಳ್ಳಿ. ರೋಮ್ ಸಭೆಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಅನ್ಯಜನರಾದ ನಿಮಗೆ ಹೇಳುತ್ತೇನೆ ಎಂದು ಯಾರನ್ನು ಕುರಿತು ಬರೆಯುತ್ತಾನೋ ಅವರು ಆಗಲೇ ಕ್ರೈಸ್ತರಾಗಿದ್ದವರು.